ಮಾವಿನ ಮಂಡಿಯ ಜಜ್ಜಿದ ಡಿಸ್ಕಿನಿಂದ ಹನ್ನೊಂದು ನಿಮಿಷ

ಗೋಣಿಚೀಲದಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ಸಬ್ ಇನ್‌ಸ್ಪೆಕ್ಟರ್ ನನ್ನ ಮೇಜಿನ ಮೇಲೆ ಬಿಚ್ಚಿದರು. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯ ಕ್ಯಾಮೆರಾ ರೆಕಾರ್ಡರ್ ಅದು. ಐದು ಕಿಲೋ ತೂಕದ ಕಲ್ಲಿನಿಂದ ಯಾರೋ ಅದರ ನೆತ್ತಿ ಜಜ್ಜಿದ್ದರು. ಗಾಳಿಯಾಡುವ ತೂತುಗಳಲ್ಲೆಲ್ಲ ಅರಿಶಿನ ಕುಂಕುಮ ತುಂಬಿಕೊಂಡಿತ್ತು. ಒಂದು ಮೂಲೆಯಲ್ಲಿ ಕಂದು ಕಲೆ ಕಂಡು, ಅದೂ ಕುಂಕುಮವೇ ಇರಬೇಕೆಂದು ಹೆಬ್ಬೆರಳಿನಿಂದ ಉಜ್ಜಿದೆ.

"ಅದು ರಕ್ತ ಮೇಡಂ," ಅಂದರು ಅವರು. "ಆಫೀಸಿನ ಗಾಜು ಒಡ್ದೋನ ಕೈದು."

ಮೂರು ದಿನಗಳ ಹಿಂದೆ, ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರಿಗೆ, ಆ ಮಂಡಿಯಲ್ಲಿ ಲಾರಿಗೆ ಹಣ್ಣು ತುಂಬುತ್ತಿದ್ದ ಹಮಾಲಿಯೊಬ್ಬನ ಬಲಗೈಯನ್ನು ಮಣಿಕಟ್ಟಿನ ಹತ್ತಿರ ಮಚ್ಚಿನಿಂದ ಕಡಿದು ಹಾಕಿದ್ದರು. ಡಾಕ್ಟರುಗಳು ಪ್ರಯತ್ನಪಟ್ಟರೂ ಕೈ ಕೂಡಲಿಲ್ಲ. ಕಡಿದ ಒಂದು ಗಂಟೆಯೊಳಗೆ ಅವನ ಕಡೆಯವರು ಮಂಡಿಗೆ ನುಗ್ಗಿ ಕಚೇರಿಯನ್ನು ಪುಡಿ ಮಾಡಿದರು. ಆ ಭರದಲ್ಲಿ ಈ ಪೆಟ್ಟಿಗೆಯನ್ನೂ ಜಜ್ಜಿದರು. ಜಜ್ಜುತ್ತಿರುವುದು ತಮ್ಮದೇ ಸಾಕ್ಷಿಯನ್ನು ಎಂದು ಆ ಹೊತ್ತಿನಲ್ಲಿ ಯಾರಿಗೆ ಹೊಳೆಯಬೇಕು? ಸಂಜೆಯ ಹೊತ್ತಿಗೆ ಪೊಲೀಸರು ಮಂಡಿಯಲ್ಲಿ ಹಣ್ಣು ತೂಗುವ ತೂಕದವನನ್ನು ಹಿಡಿದರು. ಅವನ ಅಂಗೈಯಲ್ಲಿ ಮಚ್ಚಿನ ಗಾಯವಿತ್ತು. ಆಸ್ಪತ್ರೆಯಲ್ಲಿ ಹಮಾಲಿ ಅವನ ಹೆಸರನ್ನೇ ಹೇಳಿದ್ದ. ಸಾಲದ್ದಕ್ಕೆ ಎಲ್ಲರ ಮೊಬೈಲಿನಲ್ಲೂ ಒಂದು ವಿಡಿಯೊ ಓಡಾಡುತ್ತಿತ್ತು. ಅದರಲ್ಲಿ ತೂಕದವನು ಮಚ್ಚು ಎತ್ತಿಕೊಂಡು ಓಡುತ್ತಾನೆ, ಜನ ದಿಕ್ಕಾಪಾಲಾಗುತ್ತಾರೆ.

ಶ್ರೀನಿವಾಸಪುರದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರೆಲ್ಲ ಯಾವುದಾದರೊಂದು ಮಂಡಿಯ ಕೆಲಸ ಹಿಡಿದವರೇ. ಯಾರೂ ಇದನ್ನು ಮುಟ್ಟಲು ಒಪ್ಪಿರಲಿಲ್ಲ. ಮುಳಬಾಗಿಲಿನ ನನ್ನ ಅಂಗಡಿಯ ಗುರುತು ಹೇಳಿದವಳು ತೂಕದವನ ಹೆಂಡತಿ. ಆಕೆ ಬೈರಕೂರಿನ ಕಡೆಯ ಒಂದು ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಆ ಶಾಲೆಯಲ್ಲಿ ಮೂಲೆಗೆ ಬಿದ್ದಿದ್ದ ಆರು ಹಳೆಯ ಕಂಪ್ಯೂಟರುಗಳಿಗೆ ನಾನು ಲಿನಕ್ಸ್ ಹಾಕಿ ಎಬ್ಬಿಸಿದ ದಿನ ನನಗೆ ಅನ್ನ ಸಾರು ಬಡಿಸಿದ್ದಳು. ಸತ್ತದ್ದನ್ನು ಎಬ್ಬಿಸುವವಳು ಎಂದು ನನ್ನ ಬಗ್ಗೆ ಎಸ್‌ಐ ಹತ್ತಿರ ಹೇಳಿದ್ದಳಂತೆ. ಪ್ರಯೋಗಾಲಯಕ್ಕೆ ಕಳಿಸುವ ಮೊದಲು ಇದರಲ್ಲಿ ಏನಾದರೂ ಉಳಿದಿದೆಯೇ ನೋಡಿ, ಉಳಿದಿದ್ದರೆ ಒಂದು ನಕಲು ತೆಗೆಯಿರಿ ಎಂದು ಎಸ್‌ಐ ಲಿಖಿತ ಪತ್ರ ಕೊಟ್ಟರು. ಕಾವಲಿಗೆ ಒಬ್ಬ ಪೇದೆಯನ್ನು ಕಳಿಸುತ್ತೇನೆ ಎಂದೂ ಹೇಳಿ ಹೋದರು. ಪೇದೆ ಬೇರೆ ಕಡೆ ಬಂದೋಬಸ್ತಿಗೆ ಹೋದನೆಂದು ಆಮೇಲೆ ತಿಳಿಯಿತು.

ತೂಕದವನ ಹೆಂಡತಿ ಮಾತ್ರ ಎಸ್‌ಐ ಜೊತೆ ಹೋಗಲಿಲ್ಲ. ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಅಕ್ಕಾ, ಆ ಮೊಬೈಲ್‌ನಾಗಿರೋದು ಸೋಮವಾರದ್ದಲ್ಲ. ಹಾವು ಬಂದಿದ್ ದಿನದ್ದು. ಹುಲ್ಲಿನಾಗಿಂದ ನಾಗ್ರಾವು ಬಂತಂತೆ, ನಮ್ಮೆಜಮಾನ್ರು ಹೊಡ್ಯಾಕೆ ಮಚ್ಚು ತಕಂಡು ಓಡಿದ್ರಂತೆ. ಮನೆಗ್ ಬಂದು ಹೇಳಿದ್ರು. ಯಾರ್ಗ್ ಹೇಳಿದ್ರೂ ನಂಬಲ್ಲ."

ವಿಡಿಯೊವನ್ನು ಮತ್ತೆ ನೋಡಿದೆ. ಅವನ ಹಿಂದೆ ಹುಲ್ಲಿನ ಮೇಲೆ ರಾಶಿ ಬಿದ್ದಿದ್ದದ್ದು ಬಾದಾಮಿ ಮಾವಿನ ಹಣ್ಣು. ಆ ವಾರ ಶ್ರೀನಿವಾಸಪುರದಲ್ಲಿ ಬಾದಾಮಿ ಮುಗಿದುಹೋಗಿತ್ತು. ಸೋಮವಾರ ಲಾರಿಗೆ ತುಂಬುತ್ತಿದ್ದದ್ದು ಗಡಿಯಾಚೆಯ ತಿರುಳಿನ ಕಾರ್ಖಾನೆಗೆ ಹೋಗುವ ತೋತಾಪುರಿ. ಮಾವಿನ ಸೀಮೆಯಲ್ಲಿ ಹುಟ್ಟಿದ ಸಾವಿರಾರು ಜನ ಆ ವಿಡಿಯೊ ನೋಡಿ ಹಂಚಿದ್ದರು. ಎಲ್ಲರ ಕಣ್ಣೂ ಮಚ್ಚಿನ ಮೇಲಿತ್ತು, ಹಣ್ಣು ಯಾರಿಗೂ ಕಾಣಲಿಲ್ಲ.

ಇನ್ನು ವಿಡಿಯೊದ ಮೂಲೆಯಲ್ಲಿದ್ದ ತಾರೀಖು. ಇಸವಿ ಎರಡು ಸಾವಿರ, ಜನವರಿ ನಾಲ್ಕು. ಗಡಿಯಾರ ಕೆಟ್ಟಿದೆ ಎಂದು ಎಲ್ಲರೂ ಕೈಬಿಟ್ಟಿದ್ದರು. ನಾನು ಆಕೆಯನ್ನು ಪೂಜೆಯ ಬಗ್ಗೆ ಕೇಳಿದೆ. ಪ್ರತಿ ಶುಕ್ರವಾರ ಮಂಡಿಯಲ್ಲಿ ತಕ್ಕಡಿ, ಲೆಕ್ಕದ ಪುಸ್ತಕ, ಕ್ಯಾಮೆರಾ ಪೆಟ್ಟಿಗೆ ಎಲ್ಲವಕ್ಕೂ ಪೂಜೆ. ಓಡುತ್ತಿರುವ ಯಂತ್ರಕ್ಕೆ ಪೂಜೆ ಮಾಡಬಾರದೆಂದು ಸಾಹುಕಾರರು ಮೈನ್ ಸ್ವಿಚ್ಚನ್ನೇ ಆಫ್ ಮಾಡಿಸುತ್ತಾರೆ, ಮಂಗಳಾರತಿಯಾದ ಮೇಲೆ ಹಾಕಿಸುತ್ತಾರೆ. ರೆಕಾರ್ಡರಿನೊಳಗೆ ಗಡಿಯಾರಕ್ಕೆಂದು ಇರುವ ಬಿಲ್ಲೆಯಷ್ಟಗಲದ ಸೆಲ್ ಯಾವಾಗಲೋ ಸತ್ತಿತ್ತು. ಹಾಗಾಗಿ ಕರೆಂಟು ಹೋಗಿ ಬಂದ ಕೂಡಲೇ ಅದರ ಪಾಲಿಗೆ ಮತ್ತೆ ಇಸವಿ ಎರಡು ಸಾವಿರದ ಜನವರಿ ಒಂದು. ಪ್ರತಿ ಶುಕ್ರವಾರ ಜನವರಿ ಒಂದು, ಪ್ರತಿ ಸೋಮವಾರ ಜನವರಿ ನಾಲ್ಕು. ಸೋಮವಾರ ಕೈ ಕಡಿದ ಮೇಲೆ ಮಂಡಿಯವರು ಯಾರೋ ರೆಕಾರ್ಡರಿನಲ್ಲಿ ಜನವರಿ ನಾಲ್ಕನ್ನು ಹುಡುಕಿದ್ದಾರೆ, ಅದು ತನಗೆ ಮೊದಲು ಸಿಕ್ಕ ಹಳೆಯ ವಾರದ ಜನವರಿ ನಾಲ್ಕನ್ನು ತೋರಿಸಿದೆ, ಅದನ್ನೇ ಮೊಬೈಲಿನಲ್ಲಿ ಹಿಡಿದು ಹಂಚಿದ್ದಾರೆ. ಬೇಕೆಂದೇ ಮಾಡಿದರೋ, ಗೊತ್ತಿಲ್ಲದೆ ಮಾಡಿದರೋ ನಾನು ಹೇಳಲಾರೆ.

ಅಷ್ಟರಿಂದ ತೂಕದವನು ಬಿಡುಗಡೆಯಾಗುವುದಿಲ್ಲವೆಂದು ನನಗೆ ಗೊತ್ತಿತ್ತು. ಗಾಯಗೊಂಡವನೇ ಹೆಸರು ಹೇಳಿದ ಮೇಲೆ ನಾಗರಹಾವಿನ ಕಥೆ ಯಾರಿಗೆ ಬೇಕು? ನಿಜವಾದ ಸೋಮವಾರ ಡಿಸ್ಕಿನೊಳಗೆ ಎಲ್ಲೋ ಇತ್ತು. ಅದನ್ನು ತೆಗೆಯಬೇಕಿತ್ತು.

ರೆಕಾರ್ಡರ್ ಬಿಚ್ಚಿ ಡಿಸ್ಕನ್ನು ಹೊರತೆಗೆದೆ. ಖಾಲಿ ಪೆಟ್ಟಿಗೆಯ ಮುಚ್ಚಳ ಮತ್ತೆ ಮುಚ್ಚಿ ಮೇಜಿನ ಮೇಲೇ ಇಟ್ಟೆ. ಇಂಥ ಡಿಸ್ಕನ್ನು ವಿಂಡೋಸ್ ಇರುವ ಕಂಪ್ಯೂಟರಿಗೆ ಸಿಕ್ಕಿಸಿದರೆ, ಫಾರ್ಮ್ಯಾಟ್ ಮಾಡಲೇ ಎಂದು ಮೊದಲ ಮಾತಿಗೇ ಕೇಳುತ್ತದೆ. ಹೂಂ ಅಂದು ಒತ್ತಿ, ಎಲ್ಲ ಅಳಿಸಿಕೊಂಡು ಅಳುತ್ತಾ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ನನ್ನ ಮೇಜಿನ ಕೆಳಗೆ ಹತ್ತು ವರ್ಷ ಹಳೆಯದೊಂದು ಕಂಪ್ಯೂಟರ್ ಇದೆ. ಅದಕ್ಕೆ ಪರದೆ ಇಲ್ಲ, ಕೀಬೋರ್ಡ್ ಇಲ್ಲ, ಒಳಗೆ ಲಿನಕ್ಸ್ ಒಂದೇ. ಮೇಲೆ ಲ್ಯಾಪ್‌ಟಾಪಿನಲ್ಲಿ ಕೂತು ಅದಕ್ಕೆ ಅಪ್ಪಣೆ ಕೊಡುತ್ತೇನೆ. ಬಿಟ್ಟಿ ಸಿಗುವ ಸಿಸ್ಟಮ್ಮು ಎಂದು ಮೂಗು ಮುರಿಯುವವರಿಗೆ ನಾನು ಪ್ರವಚನ ಮಾಡುವುದಿಲ್ಲ. ನನಗೆ ಬೇಕಾದದ್ದು, ಓದು ಅಂದರೆ ಓದುವ, ಬರೆಯಬೇಡ ಅಂದರೆ ಬರೆಯದ ಯಂತ್ರ. ಡಿಸ್ಕನ್ನು ಅದರೊಳಗೆ ಸಿಕ್ಕಿಸಿ, ಅದರ ಮೇಲೆ ಒಂದಕ್ಷರವೂ ಬರೆಯದ ಹಾಗೆ ಮೊದಲು ಕಟ್ಟು ಹಾಕಿದೆ.

ಡಿಸ್ಕ್ ತಿರುಗಿತು, ನಡುನಡುವೆ ಟಕ್ ಟಕ್ ಅಂದಿತು. ಓದುವ ಮುಳ್ಳಿಗೆ ಪೆಟ್ಟಾಗಿತ್ತು. ಇಂಥವಕ್ಕೆ ಆಯುಸ್ಸು ಕೆಲವು ಗಂಟೆಗಳು ಮಾತ್ರ. ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಎಂಬ ಸಲಕರಣೆ ಇದೆ. ಸುಲಭವಾಗಿ ಸಿಕ್ಕಿದ್ದನ್ನು ಮೊದಲು ನಕಲು ಮಾಡಿ, ಹಟ ಮಾಡುವ ಜಾಗಗಳನ್ನು ಪಟ್ಟಿಯಲ್ಲಿ ಗುರುತಿಟ್ಟು ಕೊನೆಗೆ ಮುಟ್ಟುತ್ತದೆ. ಕರೆಂಟು ಹೋದರೂ ಬಿಟ್ಟಲ್ಲಿಂದಲೇ ಹಿಡಿಯುತ್ತದೆ. ಮೊದಲಿನಿಂದ ಶುರು ಮಾಡಿ ಪೆಟ್ಟಾದ ಜಾಗಕ್ಕೆ ಕೊನೆಯಲ್ಲಿ ಹೋಗುವುದೇ ಕ್ರಮ. ನಾನು ಕಲಿತದ್ದೂ ಅದೇ, ಬೇರೆಯವರಿಗೆ ಹೇಳಿಕೊಟ್ಟದ್ದೂ ಅದೇ.

ಆದರೆ ಇಲ್ಲಿ ಪೆಟ್ಟು ಬಿದ್ದದ್ದು ಯಾವಾಗ? ರೆಕಾರ್ಡರ್ ಬರೆಯುತ್ತಿದ್ದಾಗ. ಮುಳ್ಳು ಆಗ ಯಾವ ಜಾಗದಲ್ಲಿತ್ತೋ ಆ ಜಾಗವೇ ಹೆಚ್ಚು ಗೀಚಿಹೋಗಿರುತ್ತದೆ. ಕೈ ಕಡಿದ ದೃಶ್ಯ ಇದ್ದದ್ದು ಅದಕ್ಕೆ ಒಂದು ಗಂಟೆ ಹಿಂದೆ, ಅಂದರೆ ಗಾಯದ ಪಕ್ಕದಲ್ಲೇ. ಕ್ರಮದಂತೆ ಮೊದಲಿನಿಂದ ಹೋದರೆ ಅಲ್ಲಿಗೆ ಮುಟ್ಟುವಷ್ಟರಲ್ಲಿ ಡಿಸ್ಕ್ ಸಾಯುತ್ತದೆ, ಮೂರು ವಾರಗಳ ಮಾವಿನ ಹಣ್ಣಿನ ರಾಶಿ ಮಾತ್ರ ನನ್ನ ಕೈಗೆ ಉಳಿಯುತ್ತದೆ. ನೇರವಾಗಿ ಗಾಯದ ಹತ್ತಿರ ಹೋದರೆ ಮುಳ್ಳು ಅಲ್ಲೇ ಮುರಿದು ಏನೂ ಸಿಗದೆ ಹೋಗಬಹುದು.

ಹತ್ತು ನಿಮಿಷ ಎರಡನ್ನೂ ಅಳೆದು ನೋಡಿದೆ. ಕೊನೆಗೆ ಕ್ರಮ ಮುರಿಯಲು ಗಟ್ಟಿ ಮನಸ್ಸು ಮಾಡಿದೆ. ಈ ರೆಕಾರ್ಡರ್ ಪ್ರತಿ ತುಣುಕಿನ ತಲೆಗೂ ಒಂದು ಸಂಖ್ಯೆ ಹಾಕುತ್ತದೆ, ಗಡಿಯಾರ ಕೆಟ್ಟರೂ ಆ ಸಂಖ್ಯೆ ಏರುತ್ತಲೇ ಹೋಗುತ್ತದೆ. ದೂರ ದೂರದಲ್ಲಿ ಅಷ್ಟಷ್ಟೇ ಓದಿಸಿ, ಅತಿ ದೊಡ್ಡ ಸಂಖ್ಯೆ ಮುಗಿದು ಹಳೆಯ ಸಣ್ಣ ಸಂಖ್ಯೆ ಶುರುವಾಗುವ ಗಡಿಯನ್ನು ಹುಡುಕಿದೆ. ಪೆಟ್ಟು ಬಿದ್ದ ಜಾಗ ಅದೇ. ಅಲ್ಲಿಂದ ಸುಮಾರು ಒಂದೂವರೆ ಗಂಟೆಯಷ್ಟು ಹಿಂದಕ್ಕೆ ಲೆಕ್ಕ ಹಾಕಿ, ಗಾಯದ ಕಡೆಗೆ ಮುಖ ಮಾಡಿ ಓದಲು ಬಿಟ್ಟೆ. ಲ್ಯಾಪ್‌ಟಾಪ್ ಮುಚ್ಚಿದರೂ ಕೆಳಗಿನ ಕೆಲಸ ನಿಲ್ಲದ ಹಾಗೆ ಕಟ್ಟಿಟ್ಟೆ. ಕರೆಂಟು ಹೋದೀತೆಂದು ದಿನಾ ಮಾಡುವ ಅಭ್ಯಾಸ ಅದು.

ಮಧ್ಯಾಹ್ನ ಹನ್ನೆರಡಕ್ಕೆ ಮಂಡಿಯ ಸಾಹುಕಾರರು ಬಂದರು. ಬಿಳಿ ಪಂಚೆ, ಮೆತ್ತನೆಯ ಮಾತು. ತೂಕದವನ ಹೆಂಡತಿಯನ್ನು ದಾಟಿಕೊಂಡೇ ಒಳಗೆ ಬಂದರೂ ಅವಳ ಮುಖ ನೋಡಲಿಲ್ಲ.

"ಏಮ್ಮಾ, ಸೀಸನ್ ಟೈಮು ನಮ್ದು. ಡಿಸ್ಕ್ ಪೂರಾ ಹೋಗಿದೆ ಅಂತ ಒಂದ್ ಲೆಟರ್ ಬರ್ಕೊಟ್ಬಿಡಿ. ಹೋಗಿರೋದನ್ನ ಹೋಗಿದೆ ಅನ್ನೋಕೆ ನಿಮ್ಗೇನಮ್ಮಾ ಕಷ್ಟ?"

"ಹೋಗಿದ್ರೆ ನಾನೇ ಬರ್ಕೊಡ್ತಿದ್ದೆ ಸಾವ್ಕಾರ್ರೇ. ಹೋಗಿಲ್ವಲ್ಲ. ಇವತ್ತು ಸಂಜೆಗೆಲ್ಲಾ ನಿಮ್ ಸೋಮವಾರ ಈಚೆಗ್ ಬರತ್ತೆ."

ಅವರು ಒಂದು ಕ್ಷಣ ನನ್ನನ್ನೇ ನೋಡಿ, "ಸರಿಯಮ್ಮಾ," ಅಂದು ಹೊರಟರು. ನನ್ನ ನಾಲಿಗೆಯ ಬಗ್ಗೆ ಅಮ್ಮ ಇದ್ದಾಗ ದಿನಾ ಬೈಯುತ್ತಿದ್ದಳು. ಆವತ್ತು ಅದು ಮಾಡಿದ ಕೆಲಸಕ್ಕೆ ನನ್ನನ್ನು ನಾನೇ ಇವತ್ತಿಗೂ ಬೈದುಕೊಳ್ಳುತ್ತೇನೆ.

ಎರಡು ಗಂಟೆಗೆ ನಾಲ್ವರು ಬಂದರು. ಮುಂದಿದ್ದವನ ಬಲಗೈಯಲ್ಲಿ ಚಿನ್ನದ ಕಡಗ, ಎಡಗೈಯಲ್ಲಿ ಕಬ್ಬಿಣದ ರಾಡು. ಹಿಂದಿನವನು ಷಟರನ್ನು ಅರ್ಧಕ್ಕೆ ಎಳೆದ. ಮಾತಿಲ್ಲ ಕತೆಯಿಲ್ಲ, ಕಡಗದವನು ನನ್ನ ಕಪಾಳಕ್ಕೆ ಬಾರಿಸಿದ. ಕಡಗ ಕಿವಿಗೆ ಬಡಿದು ಆ ಕಡೆ ಕೇಳುವುದು ನಿಂತುಹೋಯಿತು. ಕೂದಲು ಹಿಡಿದು ಹಣೆಯನ್ನು ಮೇಜಿನ ಅಂಚಿಗೆ ಎರಡು ಸಲ ಕುಟ್ಟಿದ. ರಕ್ತ ಹುಬ್ಬಿನ ಮೇಲಿಂದ ಇಳಿದು ಕಣ್ಣು ತುಂಬಿತು.

"ಎಲ್ಲಿಗೆ ಕಾಪಿ ಮಾಡ್ತಿದ್ದೀಯೇ? ಬೊಗಳು."

ನಾನು ಲ್ಯಾಪ್‌ಟಾಪ್ ತೋರಿಸಿದೆ. ರಾಡು ಅದರ ಮೇಲೆ ಬಿತ್ತು, ಕೀಲಿಗಳು ಹಾರಿ ಗೋಡೆಗೆ ಹೊಡೆದವು. ಆಮೇಲೆ ರೆಕಾರ್ಡರಿನ ಖಾಲಿ ಪೆಟ್ಟಿಗೆಯ ಮೇಲೆ ಬಿತ್ತು, ಚಪ್ಪಟೆಯಾಗುವವರೆಗೆ. ಅದರೊಳಗೆ ಡಿಸ್ಕ್ ಇದೆಯೋ ಇಲ್ಲವೋ ನೋಡಬೇಕೆಂದು ಅವರಿಗೆ ಅನಿಸಲಿಲ್ಲ. ಒಬ್ಬ ನನ್ನ ಎಡಗೈಯನ್ನು ಮೇಜಿನ ಮೇಲೆ ಒತ್ತಿ ಹಿಡಿದ. ಇನ್ನೊಂದು ಕಾಪಿ ಎಲ್ಲಿದೆ ಎಂದು ಕಡಗದವನು ಕೇಳಿದ. ಇಲ್ಲ ಅಂದೆ. ರಾಡು ನನ್ನ ಬೆರಳುಗಳ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ನನ್ನ ಒಳ್ಳೆಯ ಕಿವಿಗೆ ಚೆನ್ನಾಗಿಯೇ ಕೇಳಿಸಿತು. ಎರಡನೆಯ ಏಟಿಗೆ ಉಂಗುರದ ಬೆರಳು ಹಿಂದಕ್ಕೆ ಮಡಚಿಕೊಂಡಿತು. ನಾನು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿರಬೇಕು. ಅಕ್ಕಪಕ್ಕದ ಎರಡು ಅಂಗಡಿಗಳ ಷಟರುಗಳು ಇಳಿದವು. ಹತ್ತು ವರ್ಷ ಒಟ್ಟಿಗೆ ಟೀ ಕುಡಿದವರು ಅವರು. ಅವರ ಮೇಲಿನ ಸಿಟ್ಟು ನನಗೆ ಇನ್ನೂ ಹೋಗಿಲ್ಲ.

ಒಬ್ಬನ ಕಾಲಿಗೆ ಮೇಜಿನ ಕೆಳಗಿನ ಪೆಟ್ಟಿಗೆ ತಗುಲಿತು. ಬಗ್ಗಿ ನೋಡಿದ. ಪುಟ್ಟ ಹಸಿರು ದೀಪವೊಂದು ಮಿನುಗುತ್ತಿತ್ತು.

"ಇದೇನು?"

"ಯುಪಿಎಸ್ಸು," ಅಂದೆ.

ಅವನು ಅದನ್ನು ಒಂದು ಸಲ ಒದ್ದ, ಅಷ್ಟೇ. ಪರದೆ ಇಲ್ಲದ್ದು ಕಂಪ್ಯೂಟರ್ ಆಗಿರಬಹುದೆಂದು ಅವನಿಗೆ ಹೊಳೆಯಲಿಲ್ಲ. ಆ ಒದೆತ ಡಿಸ್ಕಿಗೆ ಏನು ಮಾಡಿತೆಂದು ನನ್ನ ಕೈನೋವಿನ ನಡುವೆಯೂ ಯೋಚಿಸಿದೆ. ಆ ಕಡೆ ಮುಖ ತಿರುಗಿಸಲಿಲ್ಲ.

ಅಷ್ಟರಲ್ಲಿ, ಟೀ ತರಲು ಹೋಗಿದ್ದ ತೂಕದವನ ಹೆಂಡತಿ ಅರ್ಧ ಇಳಿದ ಷಟರಿನ ಕೆಳಗೆ ನುಸುಳಿ ಒಳಗೆ ಬಂದು ಕಡಗದವನ ಮುಂಗೈಗೆ ಬಾಯಿ ಹಾಕಿದಳು. ಅವನು ಎಷ್ಟು ಕೊಡವಿದರೂ ಹಲ್ಲು ಬಿಡಲಿಲ್ಲ. ಇನ್ನೊಬ್ಬ ಅವಳ ಹೊಟ್ಟೆಗೆ ಒದ್ದ. ಆಗ ಬಾಯಿ ಬಿಟ್ಟಳು, ಹಾಗೇ ಹೊರಳಿಕೊಂಡು ರಸ್ತೆಗೆ ಹೋಗಿ, ಕೊಲೆ ಕೊಲೆ ಎಂದು ಕೂಗಿದಳು. ನರಸಾಪುರದ ಫ್ಯಾಕ್ಟರಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸರು ಗುಂಪಾಗಿ ಈ ಕಡೆ ಓಡಿ ಬಂದರು. ಅವರನ್ನು ನೋಡಿ ನಾಲ್ವರೂ ಕಾಲ್ಕಿತ್ತರು.

ಆ ಹೆಂಗಸರು ನನ್ನನ್ನು ಆಸ್ಪತ್ರೆಗೆ ಎಳೆಯುತ್ತಿದ್ದರೆ, ನಾನು ಬಲಗೈಯಲ್ಲಿ ಮೊಬೈಲ್ ತೆಗೆದು ಅದರಿಂದ ಕೆಳಗಿನ ಕಂಪ್ಯೂಟರನ್ನು ಸಂಪರ್ಕಿಸಿದೆ. ಕೆಲಸ ನಿಂತಿರಲಿಲ್ಲ. ಒದೆತ ಬಿದ್ದ ಮೇಲೂ ಸ್ವಲ್ಪ ಓದಿತ್ತು. ಆದರೆ ವೇಗ ಇಳಿಯುತ್ತಾ ಸೊನ್ನೆಗೆ ಬಂದಿತ್ತು, ಡಿಸ್ಕ್ ಬಿಡದೆ ಟಕ್ ಟಕ್ ಅನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ಆ ಸದ್ದೂ ನಿಂತಿತು. ಸಿಕ್ಕಿದ್ದು ಸಿಕ್ಕಿತೆಂದು ಕೆಲಸ ನಿಲ್ಲಿಸಿದೆ.

ಎಸ್‌ಐ ಓಡಿ ಬಂದಾಗ ನನ್ನ ಕೈಗೆ ಯಾರದೋ ದುಪಟ್ಟಾ ಸುತ್ತಿತ್ತು.

"ಮೊದ್ಲು ಆಸ್ಪತ್ರೆಗೆ ನಡೀರಿ ಮೇಡಂ."

"ಮೊದ್ಲು ಇದು ಸರ್. ನಿಮ್ಮೆದ್ರಿಗೇ ತೆಗೀತೀನಿ. ನಾನ್ ಆಮೇಲ್ ತೆಗ್ದು ಕೊಟ್ರೆ ಅವ್ಳೇ ಮಾಡಿದ್ಲು ಅಂತಾರೆ."

ನಕಲಿನ ಫೈಲಿಗೆ ಬೆರಳಚ್ಚಿನಂಥದ್ದೊಂದು ಉದ್ದನೆಯ ಸಂಖ್ಯೆ ತೆಗೆದೆ. ಫೈಲಿನಲ್ಲಿ ಒಂದು ಚುಕ್ಕಿ ಬದಲಾದರೂ ಆ ಸಂಖ್ಯೆ ಹೊಂದುವುದಿಲ್ಲ. ಅದನ್ನು ಕಾಗದದ ಮೇಲೆ ಬರೆಸಿ ಅವರ ಸಹಿ ಹಾಕಿಸಿದೆ. ಹಳೆಯ ಮಾನಿಟರ್, ಕೀಬೋರ್ಡ್ ಸಿಕ್ಕಿಸಿ, ಎಂಟು ಕ್ಯಾಮೆರಾಗಳ ಕಲಸುಮೇಲೋಗರದಿಂದ ಲಾರಿ ನಿಲ್ಲುವ ಕಡೆಯದನ್ನು ಬಿಡಿಸಿದೆ. ಒಂದೇ ಕೈಯಲ್ಲಿ ಟೈಪ್ ಮಾಡಿ ಮುಗಿಸಲು ಒಂದು ಗಂಟೆ ಹಿಡಿಯಿತು. ತುಂಡಾಗದೆ ಸಿಕ್ಕಿದ್ದು ಹನ್ನೊಂದು ನಿಮಿಷ.

ಅದರಲ್ಲಿ ಸದ್ದಿಲ್ಲ. ಲಾರಿಯ ಹಿಂದೆ ಹಮಾಲಿ ಕ್ರೇಟು ಹೊರುತ್ತಿದ್ದಾನೆ. ಹಲಗೆ ಜಾರಿ ಮುದುಕ ಹಮಾಲಿಯೊಬ್ಬ ಬೀಳುತ್ತಾನೆ, ಅವನ ಪಾದದ ಮೇಲೆ ಕ್ರೇಟುಗಳು ಉರುಳುತ್ತವೆ. ಎಲ್ಲರೂ ಕೆಲಸ ನಿಲ್ಲಿಸುತ್ತಾರೆ. ಮುದುಕನನ್ನು ಆಸ್ಪತ್ರೆಗೆ ಕಳಿಸುವವರೆಗೆ ಲಾರಿ ಬಿಡುವುದಿಲ್ಲ ಎನ್ನುವಂತೆ ನಮ್ಮ ಹಮಾಲಿ ಲಾರಿಯ ಹಿಂಬಾಗಿಲ ಸರಪಳಿ ಹಿಡಿದು ನಿಲ್ಲುತ್ತಾನೆ. ಆಗ ಹಗ್ಗ ಕಡಿಯುವ ಮಚ್ಚು ಹಿಡಿದು ಒಬ್ಬ ಹಿಂದಿನಿಂದ ಬರುತ್ತಾನೆ. ಬಲಗೈಯಲ್ಲಿ ಚಿನ್ನದ ಕಡಗ.

"ಸಾವ್ಕಾರ್ರ ಬಾಮೈದ," ಅಂದರು ಎಸ್‌ಐ.

ಮೊದಲ ಏಟು ಸರಪಳಿಗೆ ಬಿದ್ದು ಕಿಡಿ ಹಾರುತ್ತದೆ. ಎರಡನೆಯದು ಮಣಿಕಟ್ಟಿಗೆ. ಕೈ ಸರಪಳಿಯನ್ನು ಹಿಡಿದುಕೊಂಡೇ ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಕೆಳಗೆ ಬೀಳುತ್ತದೆ. ಮೂರನೆಯ ಏಟು ಅವನ ಕತ್ತಿನ ಕಡೆಗೆ ಎತ್ತಿದ್ದು. ತಕ್ಕಡಿಯ ಕಟ್ಟೆಯಿಂದ ತೂಕದವನು ಹಾರಿ ಬಂದು ಮಚ್ಚಿನ ಅಲಗನ್ನೇ ಬರಿಗೈಯಲ್ಲಿ ಹಿಡಿಯುತ್ತಾನೆ, ಕಿತ್ತುಕೊಳ್ಳುತ್ತಾನೆ. ಹಮಾಲಿ ತಿರುಗಿ ನೋಡುವುದು ಆಗಲೇ. ಅವನಿಗೆ ಕಂಡದ್ದು ರಕ್ತದ ಮಚ್ಚು ಹಿಡಿದ ತೂಕದವನು. ಅಲ್ಲೇ ಪ್ರಜ್ಞೆ ತಪ್ಪಿ ಬೀಳುತ್ತಾನೆ. ಆಮೇಲೆ ತೂಕದವನು ಮಚ್ಚು ಎಸೆದು, ತನ್ನ ಹೆಗಲ ಟವೆಲ್ಲಿನಿಂದ ಅವನ ಮೋಟುಗೈಯನ್ನು ಬಿಗಿದು ಕಟ್ಟುವುದು ಅವನಿಗೆ ಗೊತ್ತೇ ಇರಲಿಲ್ಲ.

ನನ್ನ ಹಿಂದೆ ನಿಂತು ನೋಡುತ್ತಿದ್ದ ತೂಕದವನ ಹೆಂಡತಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ನಾನೂ ಅತ್ತೆ. ನೋವಿಗೋ, ಸಿಟ್ಟಿಗೋ, ಎರಡಕ್ಕೂ ಇರಬೇಕು.

ಎರಡು ದಿನ ಬಿಟ್ಟು, ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಎಸ್‌ಐ ಜೊತೆ ಕೋಲಾರದ ಆಸ್ಪತ್ರೆಗೆ ಹೋದೆ. ಬಾಮೈದ ಆಗಲೇ ಸಿಕ್ಕಿಬಿದ್ದಿದ್ದ, ಮುಂಗೈಯಲ್ಲಿ ಹಲ್ಲಿನ ಗುರುತು ಸಮೇತ. ಆದರೆ ಹಮಾಲಿ ತನ್ನ ಹೇಳಿಕೆ ಬದಲಿಸದೆ ತೂಕದವನು ಹೊರಗೆ ಬರುವುದು ಕಷ್ಟವಿತ್ತು. ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ ಅವನ ಮಡಿಲಲ್ಲಿ ಕಡ ತಂದಿದ್ದ ಲ್ಯಾಪ್‌ಟಾಪ್ ಇಟ್ಟು, ಹನ್ನೊಂದು ನಿಮಿಷವನ್ನೂ ಹಾಕಿದೆ.

ಅವನು ಕಣ್ಣು ಮಿಟುಕಿಸದೆ ನೋಡಿದ. ಟವೆಲ್ ಕಟ್ಟುವುದು ಬಂದಾಗ ಪರದೆಯ ಕಡೆ ಬಾಗಿದ.

"ಸಾರ್, ಬರ್ಕಳಿ," ಅಂದ ಎಸ್‌ಐಗೆ. "ನಾನ್ ತಪ್ ಹೇಳ್ಬಿಟ್ಟೆ. ಆವಯ್ಯ ನನ್ ಪ್ರಾಣ ಉಳ್ಸವ್ನೆ. ಅವ್ನನ್ನ ಇವತ್ತೇ ಬಿಡ್ಸಿ."

ಎಸ್‌ಐ ಬರೆದುಕೊಂಡರು. ಅವನ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು, ಫೋನ್ ಮಾಡಲು ಹೊರಗೆ ಹೋದರು. ನಾನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದೆ.

"ಇನ್ನೊಂದ್ ಸಲ ಹಾಕಮ್ಮ," ಅಂದ. "ಶುರುವಿಂದ."

ಹಾಕಿದೆ. ಪರದೆಯ ಮೇಲೆ ಅವನು ಕ್ರೇಟು ಎತ್ತಿ ಹೆಗಲಿಗೆ ಇಟ್ಟುಕೊಂಡ, ಹಲಗೆ ಹತ್ತಿದ, ಇಳಿದ. ಬಲಗೈಯಿಂದ ಹಣೆಯ ಬೆವರು ಒರೆಸಿಕೊಂಡು, ಆಚೆಗಿದ್ದ ಯಾರಿಗೋ ಆ ಕೈಯನ್ನೇ ಬೀಸಿ ಏನೋ ಹೇಳಿ ನಕ್ಕ.

"ಅಲ್ಲೇ ನಿಲ್ಸು," ಅಂದ.

ನಿಲ್ಲಿಸಿದೆ. ಅವನು ನೋಡುತ್ತಾ ಕೂತ. ಎಸ್‌ಐ ಬಾಗಿಲಿಗೆ ಬಂದು, ಹೊರಡೋಣವೇ ಎಂದು ಸನ್ನೆ ಮಾಡಿದರು. ಸ್ವಲ್ಪ ಇರಿ ಎಂದು ನಾನು ತಲೆ ಆಡಿಸಿದೆ.